ಮೊದಲು ಆಯಿಲ್ ನೋಡಿ, ಆಮೇಲೆ ಸ್ಪ್ಯಾನರ್ ಹಿಡಿಯಿರಿ

ಕೇಳುಗರಿಗೆ ನಮಸ್ಕಾರ. ಪುಣೆಯ ಭೋಸರಿ, ಚಿಂಚವಡ ಕಡೆಯ ಗ್ಯಾರೇಜುಗಳಲ್ಲಿ ದುಡಿಯುವ ನಮ್ಮ ವಿಜಯಪುರ, ಕಲಬುರಗಿ, ಬೆಳಗಾವಿಯ ಹುಡುಗರು ಕೇಳುತ್ತಿದ್ದಾರೆ ಅಂದುಕೊಂಡೇ ಮಾತಾಡುತ್ತೇನೆ. ಡ್ರ್ಯಾಗ್ ರೇಸಿನ ಹುಚ್ಚು, ಅಂದರೆ ನೇರ ದಾರಿಯಲ್ಲಿ ನಿಂತಲ್ಲಿಂದ ಚಿಮ್ಮಿ ಓಡಿಸುವ ರೇಸಿನ ಹುಚ್ಚು, ನಿಮಗೂ ಇದೆ, ನನಗೂ ಇದೆ. ಲೋನಾವಳದ ಆಚೆ ಆಂಬಿ ವ್ಯಾಲಿಯ ರನ್‌ವೇ ಮೇಲೆ ರೇಸ್ ನೋಡಿದವರೂ ಇದ್ದೀರಿ. (ಎಕ್ಸ್‌ಪ್ರೆಸ್‌ವೇ ಅದಕ್ಕಲ್ಲ, ನೆನಪಿರಲಿ.) ಓಟ ಕಾಲು ಮೈಲಿ, ಅಂದರೆ 402 ಮೀಟರ್. ಅಷ್ಟರಲ್ಲಿ ಆಟೊಮ್ಯಾಟಿಕ್ ಗಾಡಿ ಕೈಕೊಟ್ಟರೆ ಎಲ್ಲರೂ ಮಾಡುವುದೇನು? ಗೇರ್‌ಬಾಕ್ಸ್ ಇಳಿಸುವುದು. ದಯವಿಟ್ಟು ಇಳಿಸಬೇಡಿ. ಮೊದಲು ಗೇರ್‌ಬಾಕ್ಸಿನ ಆಯಿಲ್ ನೋಡಿ.

ಎಂಜಿನ್ನಿಗೂ ಗೇರ್‌ಬಾಕ್ಸಿಗೂ ನಡುವೆ ಟಾರ್ಕ್ ಕನ್ವರ್ಟರ್ ಇರುತ್ತದೆ. ಅದರೊಳಗೆ ಬಲ ದಾಟುವುದು ಆಯಿಲ್ ಮೂಲಕ. ಬಾಕ್ಸಿನ ಕ್ಲಚ್ ಹಿಡಿಯುವುದೂ ಆಯಿಲ್ ಪ್ರೆಶರಿನಿಂದಲೇ. ಆಯಿಲ್ ಇಲ್ಲ ಅಂದರೆ ಏನೂ ಇಲ್ಲ.

ಮುಂಬೈಯವರೊಬ್ಬರು ಹಳೇ ಶೆವ್ರೊಲೆ ಇಂಪಾಲಾ ತಂದಿದ್ದರು. ವಿ8 ಎಂಜಿನ್, ಎರಡೇ ಗೇರಿನ ಪವರ್‌ಗ್ಲೈಡ್ ಬಾಕ್ಸ್. ಊರೊಳಗೆ ಓಡಿಸಿದರೆ ಒಂದು ತಕರಾರಿಲ್ಲ. ರೇಸಿನ ಗೆರೆ ಮೇಲೆ ನಿಲ್ಲಿಸಿ ಪೂರ್ತಿ ಒತ್ತಿದರೆ ಆರ್‌ಪಿಎಂ ಮುಳ್ಳು ಸರ್ರನೆ ಏರುತ್ತಿತ್ತು, ಗಾಡಿ ಮಾತ್ರ ಎಳೆಯುತ್ತಿರಲಿಲ್ಲ. ಒಂದು ಗ್ಯಾರೇಜಿನವರು ಕ್ಲಚ್ ಪ್ಲೇಟ್ ಬದಲಿಸಿದ್ದರು. ಇನ್ನೊಂದು ಗ್ಯಾರೇಜಿನವರು ಕನ್ವರ್ಟರನ್ನೇ ಬದಲಿಸಿದ್ದರು. ದುಡ್ಡು ಹೋಯಿತು, ರೋಗ ಹೋಗಲಿಲ್ಲ.

"ಆಯಿಲ್ ನೋಡಿದಿರಾ?" ಅಂದೆ.

"ನೋಡಿದ್ದೀವಿ ಸರ್, ಫುಲ್ ಇದೆ."

"ನೋಡುವಾಗ ಎಂಜಿನ್ ಚಾಲೂ ಇತ್ತಾ?"

ಇರಲಿಲ್ಲ. ಎಂಜಿನ್ ಬಂದ್ ಮಾಡಿದರೆ ಕನ್ವರ್ಟರಿನ ಆಯಿಲ್ ಕೆಳಗೆ ಪ್ಯಾನಿಗೆ, ಅಂದರೆ ಬಾಕ್ಸಿನ ತಳದ ತಟ್ಟೆಗೆ, ಇಳಿದುಬಿಡುತ್ತದೆ. ಆಯಿಲ್ ಅಳೆಯುವ ಕಡ್ಡಿ, ಡಿಪ್‌ಸ್ಟಿಕ್, ಫುಲ್ ತೋರಿಸುತ್ತದೆ, ಸುಳ್ಳು! ಗಾಡಿ ಬಿಸಿ ಮಾಡಿ, ನ್ಯೂಟ್ರಲ್‌ನಲ್ಲಿಟ್ಟು, ಎಂಜಿನ್ ಓಡುತ್ತಿರುವಾಗಲೇ ನೋಡಿದೆವು. ಗುರುತಿಗಿಂತ ಎಷ್ಟೋ ಕೆಳಗಿತ್ತು. ಪ್ರೆಶರ್ ಗೇಜ್ ಕಟ್ಟಿ ಒಮ್ಮೆ ಓಡಿಸಿದೆವು. ಗಾಡಿ ಚಿಮ್ಮಿದ ಕ್ಷಣಕ್ಕೆ ಮುಳ್ಳು ದಬಕ್ಕನೆ ಬಿತ್ತು. ಯಾಕೆ? ಇದ್ದ ಚೂರು ಆಯಿಲ್ ಪ್ಯಾನಿನ ಹಿಂದಕ್ಕೆ ಓಡಿತು, ಫಿಲ್ಟರ್ ಗಾಳಿ ಎಳೆಯಿತು. ಎಳನೀರು ಮುಗಿಯುತ್ತಾ ಬಂದಾಗ ಸ್ಟ್ರಾ ಗೊರಗೊರ ಅನ್ನುತ್ತದಲ್ವಾ, ಹಾಗೆ. ಆಯಿಲ್ ತುಂಬಿಸಿ, ಆಳದ ಪ್ಯಾನ್ ಹಾಕಿದೆವು. ಗಾಡಿ ಎಳೆಯಿತು. ಬಾಕ್ಸ್ ಮುಟ್ಟಲೇ ಇಲ್ಲ.

ಹೊತ್ತಾಯಿತು, ಉಳಿದದ್ದು ಬೇಗ ಹೇಳುತ್ತೇನೆ. ಆಯಿಲ್ ಸರಿ ಇದೆ, ಪ್ರೆಶರ್ ಸರಿ ಇದೆ, ಆದರೂ ಶುರುವಿನಲ್ಲಿ ಗಾಡಿ ಮಂಕು, ವೇಗ ಬಂದ ಮೇಲೆ ಚೆನ್ನಾಗಿದೆ ಅಂದರೆ ಕನ್ವರ್ಟರಿನ ಸ್ಟೇಟರ್, ಅಂದರೆ ಒಳಗೆ ಆಯಿಲಿನ ದಿಕ್ಕು ತಿರುಗಿಸುವ ನಡುವಿನ ಚಕ್ರ, ಜಾರುತ್ತಿದೆ. ಶುರು ಚೆನ್ನಾಗಿದೆ, ಕೊನೆಯಲ್ಲಿ ಉಸಿರು ಕಟ್ಟುತ್ತದೆ, ಆಯಿಲ್ ಜಾಸ್ತಿ ಕಾಯುತ್ತದೆ ಅಂದರೆ ಸ್ಟೇಟರ್ ಅಂಟಿಕೊಂಡಿದೆ. ಸುಟ್ಟ ವಾಸನೆ, ಕಪ್ಪು ಬಣ್ಣ ಅಂದರೆ ಕ್ಲಚ್ ಸುಟ್ಟಿದೆ. ಇದನ್ನೂ ಹೇಳುವುದು ಆಯಿಲ್ಲೇ, ನೋಡಿ! ಪ್ಯಾನಿನಲ್ಲಿ ಲೋಹದ ಪುಡಿ ಹೊಳೆದರೆ ಆಗ ಇಳಿಸಿ, ಬೇಡ ಅನ್ನುವುದಿಲ್ಲ. ಆದರೆ ಆಯಿಲ್ ತಣಿಸುವ ಕೂಲರ್ ತೊಳೆಯದೆ ಹೊಸ ಬಾಕ್ಸ್ ಕೂರಿಸಬೇಡಿ. ಹಳೇ ಪುಡಿ ಹೊಸದನ್ನೂ ತಿನ್ನುತ್ತದೆ.

ಸ್ಟಾಲ್ ಟೆಸ್ಟ್, ಅಂದರೆ ಗೇರಿನಲ್ಲಿಟ್ಟು, ಬ್ರೇಕ್ ಹಿಡಿದು, ಆಕ್ಸಿಲರೇಟರ್ ಪೂರ್ತಿ ಒತ್ತಿ ಆರ್‌ಪಿಎಂ ನೋಡುವ ಟೆಸ್ಟ್, ಮಾಡುವವರು 5 ಸೆಕೆಂಡಿಗಿಂತ ಹೆಚ್ಚು ಒತ್ತಿ ಹಿಡಿಯಬೇಡಿ, ಆಯಿಲ್ ಕುದಿಯುತ್ತದೆ. ಎದುರಿಗೆ ಯಾರನ್ನೂ ನಿಲ್ಲಿಸಬೇಡಿ. ರೇಸಿನ ಗೆರೆ ಮೇಲೆ ಗೇರ್‌ಬಾಕ್ಸೇ ಗಾಡಿಯನ್ನು ಹಿಡಿದು ನಿಲ್ಲಿಸುವ ಟ್ರಾನ್ಸ್‌ಬ್ರೇಕ್ ವಿಷಯ ಇನ್ನೊಮ್ಮೆ ಕರೆದರೆ ಹೇಳುತ್ತೇನೆ. ನಮಸ್ಕಾರ.