ಕೊನೆಗೆ ಬಂದವರಿಗೆ ಮೊದಲ ಬಹುಮಾನ

ಈ ಸದ್ದು ಕೇಳಿ. ಇಲ್ಲಿ ಸಂಗೀತ ಹಾಕುವುದಿಲ್ಲ, ಇದನ್ನೇ ಕೇಳಿಸಬೇಕು ನಿಮಗೆ. ಸಿಲಿಂಡರ್ ಒಂದೇ, ಸೈಲೆನ್ಸರ್ ಎರಡು. ಮೈಸೂರಿನವರಾದರೆ ಹೇಳಬೇಕಾಗಿಯೇ ಇಲ್ಲ, ಜಾವಾ ಬೈಕ್!

ಜುಲೈ ತಿಂಗಳ ಎರಡನೇ ಭಾನುವಾರ ನಮ್ಮ ದೇಶದ ಹಲವು ಊರುಗಳಲ್ಲಿ ಜಾವಾ ದಿನ ಆಚರಿಸುತ್ತಾರೆ. ಮೈಸೂರಿನಲ್ಲಿ ಅದನ್ನು ನೋಡುವ ಖುಷಿಯೇ ಬೇರೆ. ಈ ಗಾಡಿಗಳು ಹುಟ್ಟಿದ್ದೇ ಇಲ್ಲಿನ ಯಾದವಗಿರಿಯಲ್ಲಿ ಅಲ್ವಾ? ರುಸ್ತುಂ ಇರಾನಿ ಮತ್ತು ಫರೋಖ್ ಇರಾನಿ ಕಟ್ಟಿದ ಐಡಿಯಲ್ ಜಾವಾ ಕಾರ್ಖಾನೆ 1961ರಲ್ಲಿ ಶುರುವಾಯಿತು. ಉದ್ಘಾಟಿಸಿದವರು ಜಯಚಾಮರಾಜ ಒಡೆಯರ್. ಜೆಕ್ ದೇಶದ ವಿನ್ಯಾಸ, ಕೈಕೆಲಸ ನಮ್ಮವರದು. ಆಮೇಲೆ ಗಾಡಿಯ ಹೆಸರು ಯೆಜ್ಡಿ ಆಯಿತು. 1996ರಲ್ಲಿ ಬಾಗಿಲು ಮುಚ್ಚಿತು.

ಈಗ ಆಟಕ್ಕೆ ಬರೋಣ. ಮೊದಲನೆಯದು, ಒಂದೇ ಕಿಕ್. ಆ ಲಿವರ್ ಹತ್ತಿರದಿಂದ ನೋಡಿ. ಕಿಕ್ಕರೂ ಅದೇ, ಗೇರೂ ಅದೇ. ಒಳಕ್ಕೆ ಒತ್ತಿ ಮೇಲೆ ತಿರುಗಿಸಿದರೆ ಕಿಕ್ಕರ್, ಸ್ಟಾರ್ಟ್ ಆದ ಮೇಲೆ ಮೊದಲಿನ ಜಾಗಕ್ಕೆ ತಂದರೆ ಗೇರ್. ಒಂದು ಕಿಕ್‌ಗೆ ಹತ್ತಿದರೆ ಚಪ್ಪಾಳೆ, ಜೊತೆಗೆ ಒಂದು ಸ್ಪಾರ್ಕ್ ಪ್ಲಗ್. ಹತ್ತದಿದ್ದರೆ ಅದಕ್ಕಿಂತ ಜೋರು ಚಪ್ಪಾಳೆ!

ಆದರೆ ಜನ ಕಾಯುವುದು ಸ್ಲೋ ರೇಸ್‌ಗೆ. ಮೈದಾನದಲ್ಲಿ ಸುಣ್ಣದ ಗೆರೆ ಎಳೆದಿದ್ದಾರೆ. ಕಾಲು ನೆಲಕ್ಕೆ ತಾಗಿದರೆ ಔಟ್. ಪಕ್ಕದ ಗೆರೆ ದಾಟಿದರೆ ಔಟ್. ಎಂಜಿನ್ ಆಫ್ ಆದರೂ ಔಟ್. ಎಲ್ಲರಿಗಿಂತ ಕೊನೆಗೆ ತಲುಪಿದವರೇ ಗೆದ್ದ ಹಾಗೆ.

ಹಳೇ ಬೈಕಿಗೆ ಇದಕ್ಕಿಂತ ನ್ಯಾಯವಾದ ಪರೀಕ್ಷೆ ಇಲ್ಲ ಅಂತ ನನಗೆ ಅನಿಸುತ್ತದೆ. ಜೋರಾಗಿ ಓಡಿಸುವಾಗ ಸಣ್ಣಪುಟ್ಟ ದೋಷ ಸದ್ದಿನಲ್ಲಿ ಮುಚ್ಚಿಹೋಗುತ್ತದೆ. ನಿಧಾನಕ್ಕೆ ಬಿಟ್ಟು ನೋಡಿ. ಕಾರ್ಬ್ಯುರೇಟರ್‌ನಲ್ಲಿ ಕಸ ಇದ್ದರೆ, ಕಿಡಿ ಹೊತ್ತಿಸುವ ಪಾಯಿಂಟ್‌ಗಳ ಗ್ಯಾಪ್ ಸರಿ ಇಲ್ಲದಿದ್ದರೆ, ಕ್ಲಚ್ ಪ್ಲೇಟ್ ಸವೆದಿದ್ದರೆ ಅಲ್ಲೇ ಗೊತ್ತಾಗುತ್ತದೆ. ಟೂ ಸ್ಟ್ರೋಕ್ ಎಂಜಿನ್ ಕಡಿಮೆ ವೇಗದಲ್ಲಿ ಮೊದಲೇ ತಡವರಿಸುತ್ತದೆ. ಅದನ್ನು ನಿಲ್ಲಲೂ ಬಿಡದೆ, ಓಡಲೂ ಬಿಡದೆ ಹಿಡಿಯಬೇಕು. ಗಾಡಿಯನ್ನು ವರ್ಷವಿಡೀ ಯಾರು ಎಷ್ಟು ಚೆನ್ನಾಗಿ ನೋಡಿಕೊಂಡಿದ್ದಾರೆ ಅನ್ನೋದು ಈ ಸುಣ್ಣದ ಗೆರೆಗಳ ನಡುವೆ ಕಾಣುತ್ತದೆ.

ಈ ಮರೂನ್ ಬಣ್ಣದ ಜಾವಾ ಮೇಲೆ ಕಣ್ಣಿಡಿ. ಓಡಿಸುತ್ತಿರುವವರು ಚಾಮರಾಜನಗರ ಕಡೆಯಿಂದ ಬಂದ ನಿವೃತ್ತ ಮೇಷ್ಟ್ರು. ಅವರ ಎಡಗಾಲು ನೋಡಿ, ಗೇರ್ ಲಿವರ್ ಮೇಲೆ ಹಗುರವಾಗಿ ಇದೆ. ಜಾವಾದಲ್ಲಿ ಗೇರ್ ಲಿವರ್ ಒತ್ತಿದರೆ ಕ್ಲಚ್ ತಾನಾಗಿಯೇ ಬಿಡುತ್ತದೆ. ಹಾಗಾಗಿ ಮೇಷ್ಟ್ರು ಕೈಯಲ್ಲಿ ಕ್ಲಚ್ ಹಿಡಿಯುತ್ತಲೇ ಇಲ್ಲ, ಎಲ್ಲ ಕಾಲಲ್ಲೇ! ಪಕ್ಕದ ಹುಡುಗ "ಸರ್, ಇದು ಮೋಸ" ಅಂದ. ತೀರ್ಪುಗಾರರಾಗಿ ಕೂತಿದ್ದವರು ಕಾರ್ಖಾನೆಯಲ್ಲಿ ದುಡಿದ ಹಿರಿಯರು. ಅವರು ನಕ್ಕು ಹೇಳಿದರು: "ಮೋಸ ಏನಪ್ಪಾ? ಅದನ್ನ ನಾವೇ ಜೋಡಿಸಿ ಕಳಿಸಿದ್ದು. ನಿನ್ನ ಗಾಡಿಯಲ್ಲೂ ಇದೆ, ನೀನೂ ಒತ್ತು." ಅಲ್ಲಿಗೆ ತಕರಾರು ಮುಗಿಯಿತು.

ನಡುವೆ ಕಣ್ಣು ಕಟ್ಟಿಕೊಂಡು ಸದ್ದು ಗುರುತಿಸುವ ಆಟವೂ ಇತ್ತು. ಜಾವಾನಾ, ಯೆಜ್ಡಿ ರೋಡ್‌ಕಿಂಗಾ? ಮಕ್ಕಳೇ ಜಾಸ್ತಿ ಗೆದ್ದರು, ಮನೆಯಲ್ಲಿ ದಿನಾ ಕೇಳುತ್ತಾರಲ್ಲ. ಆ ಹಿರಿಯರನ್ನು ಮಾತ್ರ ಯಾರೂ ಆಟಕ್ಕೆ ಸೇರಿಸಲಿಲ್ಲ. ಅವರು ಕೂತರೆ ಬೇರೆಯವರಿಗೆ ಬಹುಮಾನ ಉಳಿಯುತ್ತಾ?

ಸ್ಲೋ ರೇಸ್ ಗೆದ್ದಿದ್ದು ಮೇಷ್ಟ್ರೇ. ಬಹುಮಾನ ಏನು ಗೊತ್ತಾ? ಪೆಟ್ರೋಲ್ ಟ್ಯಾಂಕಿನ ಎರಡೂ ಪಕ್ಕಕ್ಕೆ ಹಾಕುವ ರಬ್ಬರ್ ಪ್ಯಾಡ್, ಕಾರ್ಖಾನೆಯ ಕಾಲದ್ದು. ದುಡ್ಡು ಕೊಟ್ಟರೂ ಸುಲಭಕ್ಕೆ ಸಿಗದ ಮಾಲು ಅದು. ಮೇಷ್ಟ್ರು ಅದನ್ನು ತಿರುಗಿಸಿ ಮುರುಗಿಸಿ ನೋಡಿದರು. ಆಮೇಲೆ ಮೋಸ ಅಂದ ಹುಡುಗನನ್ನೇ ಕರೆದರು. ಅವನ ಗಾಡಿಯ ಟ್ಯಾಂಕಿನಲ್ಲಿ ಒಂದು ಪಕ್ಕದ ಪ್ಯಾಡ್ ಇರಲೇ ಇಲ್ಲ. "ನನ್ನದರಲ್ಲಿ ಎರಡೂ ಇವೆ, ಇದನ್ನ ನೀನು ಹಾಕ್ಕೋ" ಅಂದರು. ಹುಡುಗ ಬೇಡ ಬೇಡ ಅನ್ನುತ್ತಲೇ ಎರಡೂ ಕೈ ಚಾಚಿದ.

ನಿಮ್ಮ ಮನೆಯಲ್ಲೂ ಜಾವಾ ಅಥವಾ ಯೆಜ್ಡಿ ಇದ್ದರೆ ಯಾವ ಮಾಡೆಲ್, ಯಾವ ಬಣ್ಣ ಅಂತ ತಿಳಿಸಿ. ಓಡದೆ ನಿಂತಿದ್ದರೂ ಪರವಾಗಿಲ್ಲ. ಅದನ್ನು ಮತ್ತೆ ಓಡಿಸೋಕೆ ಗೊತ್ತಿರುವ ಕೈಗಳು ಈ ಮೈದಾನದಲ್ಲೇ ಬೇಕಾದಷ್ಟು ಸಿಕ್ಕವು.