ಸಹಿ ಹಾಕುವ ಮುಂಚೆ: ವಿಚ್ಛೇದನದ ಕಾಗದಪತ್ರಗಳು

ಎಲ್ಲರಿಗೂ ನಮಸ್ಕಾರ. ಹಿಂದೂ ವಿವಾಹ ಕಾಯ್ದೆಯಡಿ ಗಂಡ ಹೆಂಡತಿ ಇಬ್ಬರೂ ಒಪ್ಪಿ ಪಡೆಯುವ ವಿಚ್ಛೇದನದ ಕಾಗದಪತ್ರಗಳ ಬಗ್ಗೆ ಮಾತ್ರ ಇವತ್ತು ಮಾತಾಡುತ್ತೇನೆ. ಒಬ್ಬರು ಬೇಕು, ಇನ್ನೊಬ್ಬರು ಬೇಡ ಅನ್ನುವ ಕೇಸಿನ ಕಥೆಯೇ ಬೇರೆ.

ಛಾಪಾ ಕಾಗದದ ಮೇಲೆ ಬರೆಸಿ, ಹಿರಿಯರ ಸಾಕ್ಷಿ ಹಾಕಿಸಿ, ನೋಟರಿ ಮುದ್ರೆ ಒತ್ತಿಸಿದರೆ ಡಿವೋರ್ಸ್ ಆಯಿತು ಅಂದುಕೊಂಡವರು ಇನ್ನೂ ಇದ್ದಾರೆ. ಅಷ್ಟರಿಂದ ಮದುವೆ ಮುರಿಯುವುದಿಲ್ಲ. ಕೆಲವು ಸಮುದಾಯಗಳ ರೂಢಿಯ ವಿಚ್ಛೇದನವನ್ನು ಕಾನೂನು ಒಪ್ಪುತ್ತದೆ, ಆದರೆ ಆ ರೂಢಿ ಇತ್ತೆಂದು ಸಾಬೀತು ಮಾಡಬೇಕು. ಉಳಿದವರಿಗೆ ಕೋರ್ಟಿನ ಡಿಕ್ರಿಯೇ, ಅಂದರೆ ವಿಚ್ಛೇದನ ಕೊಡುವ ಆದೇಶವೇ ಬೇಕು. ಆ ಕಾಗದವನ್ನು ನಂಬಿ ಇನ್ನೊಂದು ಮದುವೆಯಾದರೆ ಅದು ಅಪರಾಧವಾಗುತ್ತದೆ.

ಕೌಟುಂಬಿಕ ನ್ಯಾಯಾಲಯಕ್ಕೆ ಕೊಡುವ ಜಂಟಿ ಅರ್ಜಿಯಲ್ಲಿ ಅಂಥ ಕಷ್ಟವೇನಿಲ್ಲ. ಒಂದು ವರ್ಷದಿಂದ ಬೇರೆಯಾಗಿದ್ದೇವೆ, ಒಟ್ಟಿಗೆ ಬಾಳಲು ಆಗಿಲ್ಲ, ಇಬ್ಬರೂ ಒಪ್ಪಿದ್ದೇವೆ: 13ಬಿ ಕಲಮು ಕೇಳುವುದು ಇಷ್ಟೇ. ಯಾರು ಕೆಟ್ಟವರು ಅಂತ ಬರೆಯಬೇಕಾಗಿಲ್ಲ. ಜೊತೆಗೆ ಮದುವೆಯ ಪುರಾವೆ, ಗುರುತಿನ ಚೀಟಿ, ವಿಳಾಸದ ದಾಖಲೆ, ಅಫಿಡವಿಟ್, ವಕೀಲರಿದ್ದರೆ ವಕಾಲತ್ತು, ಅಂದರೆ ನಿಮ್ಮ ಪರ ವಾದಿಸಲು ಅವರಿಗೆ ಕೊಡುವ ಅಧಿಕಾರ ಪತ್ರ.

ನಿಜವಾಗಿ ಕೂತು ಓದಬೇಕಾದ್ದು ಹಣ, ಒಡವೆ, ಮಗುವಿನ ಬಗ್ಗೆ ಇಬ್ಬರೂ ಮಾಡಿಕೊಳ್ಳುವ ಒಪ್ಪಂದದ ಷರತ್ತುಗಳನ್ನು. ಸಾಕಪ್ಪಾ, ಮುಗಿದರೆ ಸಾಕು ಅನ್ನುವ ಸುಸ್ತಿನಲ್ಲಿ ಜನ ಸುಮ್ನೆ ಸಹಿ ಹಾಕಿಬಿಡುತ್ತಾರೆ. ‘ಸೂಕ್ತ ಜೀವನಾಂಶ ಕೊಡತಕ್ಕದ್ದು’ ಎಂದಿದ್ದರೆ ಒಪ್ಪಬೇಡಿ. ಎಷ್ಟು, ಯಾವ ತಾರೀಖಿಗೆ, ಚೆಕ್ಕೋ ಡಿಡಿಯೋ, ಕೊಡದಿದ್ದರೆ ಏನು, ಎಲ್ಲ ಇರಲಿ. ಒಡವೆಗಳ ಪಟ್ಟಿ ಬೇರೆಯೇ ಮಾಡಿ. ಮಗು ಯಾರ ಹತ್ತಿರ, ರಜೆಯಲ್ಲಿ ಎಲ್ಲಿ, ಶಾಲೆಯ ಫೀಸು ಯಾರದು ಅನ್ನುವುದನ್ನೂ ಬಿಡಿಸಿ ಬರೆಸಿ. ಮಗುವಿನ ಹಿತಕ್ಕೆ ಬೇಕಾದರೆ ಕೋರ್ಟು ಮುಂದೆ ಇದನ್ನು ಬದಲಿಸಬಹುದು.

ಜಾಸ್ತಿ ಜನ ಎಡವುವುದು ಮನೆ ಸಾಲದಲ್ಲಿ. ‘ಇನ್ನು ಮೇಲೆ ಕಂತು ಗಂಡನೇ ಕಟ್ಟುತ್ತಾನೆ’ ಎಂದು ಒಪ್ಪಂದ ಹೇಳಬಹುದು. ಬ್ಯಾಂಕು ಆ ಒಪ್ಪಂದಕ್ಕೆ ಸಹಿ ಹಾಕಿಲ್ಲ, ಅಲ್ವಾ? ಸಾಲದ ಪತ್ರದಲ್ಲಿ ಹೆಂಡತಿಯ ಹೆಸರು ಇರುವವರೆಗೆ ಕಂತು ತಪ್ಪಿದರೆ ಅವಳನ್ನೂ ಕೇಳುತ್ತಾರೆ. ಹಾಗಾಗಿ ಬ್ಯಾಂಕಿನ ಒಪ್ಪಿಗೆ ಮೊದಲೇ ಪಡೆಯಿರಿ. ‘ಎಲ್ಲ ಕೇಸು ವಾಪಸ್’ ಅನ್ನುವ ಸಾಲೂ ಅಷ್ಟೇ. ವರದಕ್ಷಿಣೆ ಕಿರುಕುಳದ ಪೊಲೀಸ್ ಕೇಸಿದ್ದರೆ ಅದು ಡಿಕ್ರಿಯ ಜೊತೆ ತಾನಾಗಿ ಮುಗಿಯುವುದಿಲ್ಲ. ರದ್ದು ಮಾಡಿಸಲು ಹೈಕೋರ್ಟಿಗೆ ಬೇರೆ ಅರ್ಜಿ ಹಾಕಬೇಕು.

ಅರ್ಜಿ ಹಾಕಿದ ಮೇಲೆ ಆರು ತಿಂಗಳು ಕಾಯಬೇಕು. ಎರಡನೇ ಸಲ ಇಬ್ಬರೂ ಕೋರ್ಟಿನ ಮುಂದೆ ಬಂದು ಒಪ್ಪಿಗೆ ಹೇಳುವುದು ಆಮೇಲೆ. ಈ ಕಾಯುವಿಕೆ ಕಡ್ಡಾಯವಲ್ಲ, ತಕ್ಕ ಕಾರಣವಿದ್ದರೆ ಕೋರ್ಟು ಬಿಡಬಹುದು ಎಂದು 2017ರಲ್ಲಿ ಅಮರ್‌ದೀಪ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಅದಕ್ಕೂ ಒಂದು ಅರ್ಜಿ! ಇನ್ನೊಂದು ಮಾತು. ಡಿಕ್ರಿ ಆಗುವ ಮುನ್ನ ಒಬ್ಬರು ಒಪ್ಪಿಗೆ ಹಿಂದೆಗೆದರೆ ಈ ದಾರಿ ಅಲ್ಲಿಗೆ ನಿಂತಂತೆ. ಆದ್ದರಿಂದ ಪೂರ್ತಿ ಹಣವನ್ನು ಮೊದಲ ದಿನವೇ ಕೊಡುವುದೂ ಬೇಡ, ಪೂರ್ತಿ ಕೊನೆಗೆ ಉಳಿಸುವುದೂ ಬೇಡ. ಕಂತು ಮಾಡಿ, ಕೊನೆಯ ಕಂತನ್ನು ಡಿಕ್ರಿಯ ದಿನಕ್ಕೆ ಇಡುವುದೇ ಒಳ್ಳೆಯದು ಅನ್ನುವುದು ನನ್ನ ಅಭಿಪ್ರಾಯ.

ಡಿಕ್ರಿ ಆದ ಮೇಲೆ ದೃಢೀಕೃತ ನಕಲನ್ನು ಒಂದಕ್ಕಿಂತ ಹೆಚ್ಚು ತೆಗೆದುಕೊಳ್ಳಿ. ಪಾಸ್‌ಪೋರ್ಟಿಗೂ ಮರುಮದುವೆಗೂ ಅದು ಬೇಕಾಗುತ್ತದೆ. ಪಿಎಫ್, ವಿಮೆ, ಬ್ಯಾಂಕ್ ಖಾತೆಗಳಲ್ಲಿ ನಾಮಿನಿ ಹೆಸರನ್ನು ನೀವೇ ಹೋಗಿ ಬದಲಿಸಬೇಕು. ಈಗ ನಿಮ್ಮ ಪ್ರಶ್ನೆಗಳನ್ನು ಕೇಳಿ.