ಯೂರೋಪಿನ ಯಹೂದಿ ಸ್ಮಶಾನಗಳು: ಮೊದಲು ನೆಲ, ಆಮೇಲೆ ಕಲ್ಲು

ಎಲ್ಲರಿಗೂ ನಮಸ್ಕಾರ.

ಜರ್ಮನಿಯಲ್ಲಿ ರೈನ್ ನದಿಯ ದಂಡೆಯ ಮೇಲೆ ವೋರ್ಮ್ಸ್ ಎಂಬ ಊರಿದೆ. ಅಲ್ಲಿನ ಹಳೆಯ ಯಹೂದಿ ಸ್ಮಶಾನದ ಹೆಸರು ಹೈಲಿಗರ್ ಸಾಂಡ್. ಸುಮಾರು 2,500 ಸಮಾಧಿಗಲ್ಲುಗಳು ಅಲ್ಲಿವೆ. ಓದಲು ಬರುವವುಗಳಲ್ಲಿ ಅತಿ ಹಳೆಯದು 1058–59ರದು. 1096ರ ಕ್ರುಸೇಡ್ ಎಂಬ ಕ್ರೈಸ್ತ ಧರ್ಮಯುದ್ಧದ ಕಗ್ಗೊಲೆಗಳು ಈ ಊರಿನ ಯಹೂದಿಗಳ ಮೇಲೆ ಎರಗಿದವು. 1938ರ ನವೆಂಬರಿನಲ್ಲಿ ಇಲ್ಲಿನ ಸಿನಗಾಗ್ (ಯಹೂದಿ ಪ್ರಾರ್ಥನಾಮಂದಿರ) ಸುಟ್ಟುಹೋಯಿತು. ಇಷ್ಟಾದರೂ ಈ ಸ್ಮಶಾನದ ಕಲ್ಲುಗಳು ಹೆಚ್ಚುಕಡಿಮೆ ಹಾಕಿದ ಜಾಗದಲ್ಲೇ ಉಳಿದಿವೆ. 2021ರಲ್ಲಿ ಶ್ಪಾಯರ್, ವೋರ್ಮ್ಸ್, ಮೈಂಟ್ಸ್ ಊರುಗಳ ಯಹೂದಿ ನೆಲೆಗಳು ಯುನೆಸ್ಕೋ ಪಟ್ಟಿಗೆ ಸೇರಿದಾಗ ಹೈಲಿಗರ್ ಸಾಂಡ್ ಅವುಗಳಲ್ಲೊಂದಾಗಿತ್ತು.

ಅಲ್ಲಿ ಅಕ್ಕಪಕ್ಕದಲ್ಲಿ ನಿಂತ ಎರಡು ಕಲ್ಲುಗಳನ್ನು ಗಮನಿಸಬೇಕು. ಒಂದು ರಬ್ಬಿ, ಅಂದರೆ ಯಹೂದಿ ಧರ್ಮಗುರು, ಮೆಯಿರ್ ಅವರದು. ಜರ್ಮನ್ ದೊರೆಯ ಸೆರೆಯಲ್ಲಿದ್ದ ಅವರು 1293ರಲ್ಲಿ ತೀರಿಕೊಂಡರು, ಆದರೆ ಶವವನ್ನು ಹದಿನಾಲ್ಕು ವರ್ಷ ಬಿಟ್ಟುಕೊಡಲಿಲ್ಲ. 1307ರಲ್ಲಿ ಅಲೆಕ್ಸಾಂಡರ್ ಬೆನ್ ಸಾಲೊಮೊನ್ ಎಂಬ ವರ್ತಕ ಹಣ ತೆತ್ತು ಅದನ್ನು ಬಿಡಿಸಿ ತಂದ. ಪಕ್ಕದ ಕಲ್ಲು ಅವನದು. ಈ ಎರಡು ಕಲ್ಲುಗಳನ್ನು ಬೇರೆ ಮಾಡಿ ಬೇರೆ ಬೇರೆ ಕಡೆ ಇಟ್ಟರೆ ಅಕ್ಷರಗಳು ಉಳಿಯುತ್ತವೆ, ಅವುಗಳ ನಡುವಿನ ಸಂಬಂಧ ಉಳಿಯುವುದಿಲ್ಲ.

ಇದಕ್ಕೆ ಸಾಕ್ಷಿ ಹತ್ತಿರದ ಮೈಂಟ್ಸ್‌ನಲ್ಲೇ ಸಿಗುತ್ತದೆ. 1438ರಲ್ಲಿ ಯಹೂದಿಗಳನ್ನು ಊರಿನಿಂದ ಹೊರಗಟ್ಟಿದ ಮೇಲೆ ಅವರ ಸಮಾಧಿಗಲ್ಲುಗಳು ಕಟ್ಟಡಗಳ ಪಾಲಾದವು. ಮುಂದೆ ಗೋಡೆ, ಬುನಾದಿಗಳಲ್ಲಿ ಸಿಕ್ಕವುಗಳನ್ನು ಒಟ್ಟುಮಾಡಿ 1926ರಲ್ಲಿ ಸ್ಮಾರಕ ಸ್ಮಶಾನವೊಂದನ್ನು ರೂಪಿಸಿದರು. ಮೈಂಟ್ಸ್‌ನ ಕಲ್ಲುಗಳಲ್ಲಿ 1049ರದೂ ಇದೆ, ವೋರ್ಮ್ಸ್‌ನದಕ್ಕಿಂತ ಹಳೆಯದು. ಆದರೆ ಯಾವ ಕಲ್ಲು ಯಾವ ಸಮಾಧಿಯದು ಎಂದು ಈಗ ಯಾರೂ ಹೇಳಲಾರರು. ಗ್ರೀಸಿನ ಥೆಸಲೊನಿಕಿಯಲ್ಲಿ ಕಲ್ಲಿನ ಜೊತೆ ನೆಲವೂ ಹೋಯಿತು. ಮೂರು ಲಕ್ಷಕ್ಕೂ ಹೆಚ್ಚು ಸಮಾಧಿಗಳಿದ್ದ ಸ್ಮಶಾನವನ್ನು 1942ರ ಡಿಸೆಂಬರಿನಿಂದ ಒಡೆದು, ಕಲ್ಲುಗಳನ್ನು ಊರ ತುಂಬ ಕಟ್ಟಡಕ್ಕೂ ನೆಲಹಾಸಿಗೂ ಬಳಸಿದರು. ಆ ನೆಲದ ಮೇಲೆ ಇಂದು ಅರಿಸ್ಟಾಟಲ್ ವಿಶ್ವವಿದ್ಯಾಲಯ ನಿಂತಿದೆ. ಪ್ರಾಗ್‌ನ ವೆನ್ಸೆಸ್ಲಾಸ್ ಚೌಕದಲ್ಲಿ 2020ರಲ್ಲಿ ನೆಲಹಾಸು ಎಬ್ಬಿಸಿದಾಗ ಕೆಲವು ಕಲ್ಲುಗಳ ಅಡಿಯಲ್ಲಿ ನುಣುಪು ಮಾಡಿದ ಮುಖ, ಅದರ ಮೇಲೆ ಹೀಬ್ರೂ ಅಕ್ಷರ ಕಾಣಿಸಿತು. ಸಮಾಧಿಗಲ್ಲನ್ನು ಅಂಗೈಯಗಲದ ತುಂಡುಗಳಾಗಿ ಕತ್ತರಿಸಿ ಹಾಸಿದ್ದರು.

ಯಹೂದಿ ಧರ್ಮಶಾಸ್ತ್ರದ ಪ್ರಕಾರ ಕಲ್ಲು ಹೋದರೂ ಸ್ಮಶಾನ ಸ್ಮಶಾನವೇ. ಹೂಳಿದ ನೆಲ ಸತ್ತವರ ಸ್ವತ್ತು, ಅದನ್ನು ಅಗೆಯುವಂತಿಲ್ಲ. ಇಂಥ ಸ್ಮಶಾನಗಳನ್ನು ಕಾಪಾಡುವ ಕೆಲಸಕ್ಕೆ ಬರುವವರು ಮೊದಲು ತಿಳಿಯಬೇಕಾದ್ದು ಇದನ್ನೇ. ಮುಂದಿನ ಪ್ರತಿಯೊಂದು ಹೆಜ್ಜೆಯೂ ಇದರಿಂದಲೇ ಹುಟ್ಟುತ್ತದೆ.

ಗಡಿಯಿಂದ ಶುರುಮಾಡಿ. ಈಗ ಕಾಣುವ ಬೇಲಿಯನ್ನು ನಂಬಬೇಡಿ. ಹಳೆಯ ಭೂಮಾಪನ ನಕ್ಷೆ, ಎರಡನೇ ಮಹಾಯುದ್ಧ ಕಾಲದ ವಿಮಾನಚಿತ್ರ ಎರಡನ್ನೂ ಇಂದಿನ ನಕ್ಷೆಯ ಮೇಲೆ ಕೂಡಿಸಿ ನೋಡಿದರೆ, ಎಷ್ಟೋ ಕಡೆ ಸ್ಮಶಾನದ ಒಂದು ಅಂಚು ಪಕ್ಕದ ಹೊಲಕ್ಕೋ ರಸ್ತೆಗೋ ಸೇರಿಹೋಗಿರುವುದು ಗೊತ್ತಾಗುತ್ತದೆ. ಬೇಲಿಯ ಕಂಬಗಳು ಸಮಾಧಿಗಳ ಸಾಲಿನಿಂದ ಆಚೆಗಿರಬೇಕು. ಗಡಿ ಅನುಮಾನವಿದ್ದಲ್ಲಿ ಗುಂಡಿ ತೋಡದೆ ನೆಲದ ಮೇಲೆಯೇ ಕೂರುವ ಅಡಿಪಾಯ ಬಳಸಬೇಕು. 2015ರಲ್ಲಿ ಆರಂಭವಾದ ಇಎಸ್‌ಜೆಎಫ್ ಎಂಬ ಸಂಸ್ಥೆ ಪೂರ್ವ ಯೂರೋಪಿನ ಹಲವು ದೇಶಗಳಲ್ಲಿ ಮುಖ್ಯವಾಗಿ ಮಾಡುತ್ತಿರುವುದು ಬೇಲಿ ಹಾಕುವ ಕೆಲಸವನ್ನೇ. ನೋಡಲು ಸಾದಾ ಕೆಲಸ, ಆದರೆ ಒತ್ತುವರಿ ನಿಲ್ಲುವುದು ಅದರಿಂದ. ಮರ ಬೆಳೆದಿದ್ದರೆ ನೆಲಮಟ್ಟಕ್ಕೆ ಕಡಿದು ಬುಡವನ್ನು ಹಾಗೇ ಬಿಡಿ. ಬೇರು ಕಿತ್ತರೆ ಮೂಳೆಯೂ ಮೇಲೆ ಬರುತ್ತದೆ. ಕಲ್ಲಿಗೆ ಹಬ್ಬಿದ ಐವಿ ಬಳ್ಳಿಯನ್ನು ಎಳೆಯಬಾರದು. ಬುಡದಲ್ಲಿ ಕತ್ತರಿಸಿ, ಪೂರ್ತಿ ಒಣಗಿದ ಮೇಲೆ ಬಿಡಿಸಬೇಕು. ಹಸಿಯಾಗಿರುವಾಗಲೇ ಎಳೆದರೆ ಮರಳುಗಲ್ಲಿನ ಮೇಲ್ಪದರವೂ ಅಕ್ಷರ ಸಮೇತ ಕಿತ್ತುಬರುತ್ತದೆ.

ಇನ್ನು ಓದು. ಶಾಸನ ಓದಿದ ಕನ್ನಡಿಗರಿಗೆ ಶಕವರ್ಷಕ್ಕೆ 78 ಕೂಡಿಸುವ ಲೆಕ್ಕ ಗೊತ್ತು. ಇಲ್ಲಿಯೂ ಅಂಥದೇ ಲೆಕ್ಕವಿದೆ. ಹೀಬ್ರೂ ಅಕ್ಷರಗಳೇ ಅಂಕಿಗಳು: ಶಿನ್ 300, ನೂನ್ 50, ಗಿಮೆಲ್ 3, ಒಟ್ಟು 353. ಕೊನೆಯಲ್ಲಿ ಲಾಮೆದ್, ಪೇ, ಕೋಫ್ ಎಂಬ ಮೂರಕ್ಷರ ಇದ್ದರೆ ಸಾವಿರದ ಸ್ಥಾನದ 5 ಬಿಟ್ಟು ಬರೆದಿದ್ದಾರೆ ಎಂದರ್ಥ, ಅಂದರೆ ಯಹೂದಿ ವರ್ಷ 5353. 353ಕ್ಕೆ 1240 ಕೂಡಿಸಿದರೆ ಕ್ರಿ.ಶ. 1593. ಆದರೆ ಯಹೂದಿ ವರ್ಷ ಶುರುವಾಗುವುದು ಸೆಪ್ಟೆಂಬರ್–ಅಕ್ಟೋಬರಿನಲ್ಲಿ. ಸಾವು ಅಲ್ಲಿಂದ ಡಿಸೆಂಬರ್ ಕೊನೆಯೊಳಗೆ ಆಗಿದ್ದರೆ 1239 ಕೂಡಿಸಬೇಕು, ಆಗ 1592. ವೋರ್ಮ್ಸ್‌ನ ಹಳೆಯ ಕಲ್ಲುಗಳಲ್ಲಿ ಸಾವಿರದ ಸ್ಥಾನ 4. ಅಲ್ಲಿ ಉಳಿದ ಮೂರು ಅಂಕಿಗಳಿಗೆ ಕೂಡಿಸಬೇಕಾದ್ದು 240: 836 ಇದ್ದರೆ 1076.

ಹೆಚ್ಚು ತಪ್ಪು ಆಗುವುದು ಸವೆದ ಅಕ್ಷರಗಳಲ್ಲಿ. ದಾಲೆತ್ (4) ಮತ್ತು ರೇಶ್ (200), ಹೇ (5) ಮತ್ತು ಹೆತ್ (8), ವಾವ್ (6) ಮತ್ತು ಜಾಯಿನ್ (7) ಒಂದಕ್ಕೊಂದು ಹೋಲುತ್ತವೆ. ಕಲ್ಲಿನಲ್ಲಿ ವಾರವನ್ನೂ ಕೊಟ್ಟಿದ್ದರೆ, ಓದಿದ ತೇದಿಯನ್ನು ಪಂಚಾಂಗ ಪರಿವರ್ತಕಕ್ಕೆ ಹಾಕಿ ವಾರ ಕೂಡುತ್ತದೆಯೇ ನೋಡಿ. ಕೂಡದಿದ್ದರೆ ಮತ್ತೆ ಅಕ್ಷರಕ್ಕೆ ಹೋಗಿ. ಕೆತ್ತನೆಯ ಚಿತ್ರಗಳೂ ನೆರವಾಗುತ್ತವೆ. ಆಶೀರ್ವದಿಸುವ ಎರಡು ಕೈಗಳಿದ್ದರೆ ಕೋಹೆನ್ ಎಂಬ ಪುರೋಹಿತ ವಂಶ, ಹೂಜಿಯಿದ್ದರೆ ಲೇವಿ ವಂಶ. ಜಿಂಕೆಯಿದ್ದರೆ ಸತ್ತವರ ಹೆಸರು ಹಿರ್ಷ್ (ಜರ್ಮನ್‌ನಲ್ಲಿ ಜಿಂಕೆ) ಇರಬಹುದು. ಮೇಣದಬತ್ತಿ ಹೆಂಗಸರ ಕಲ್ಲಿನಲ್ಲಿ ಸಾಮಾನ್ಯ. ಹಿಂಭಾಗವನ್ನು ಮರೆಯಬೇಡಿ. ಹತ್ತೊಂಬತ್ತನೇ ಶತಮಾನದ ಎಷ್ಟೋ ಕಲ್ಲುಗಳ ಬೆನ್ನಿನ ಮೇಲೆ ಜರ್ಮನ್ ಬರಹವಿರುತ್ತದೆ.

ಅಕ್ಷರ ಮಸುಕಾಗಿದ್ದರೆ ಸೀಮೆಸುಣ್ಣ, ಹಿಟ್ಟು, ಶೇವಿಂಗ್ ನೊರೆ ಬಳಿಯುವ ಕೆಟ್ಟ ರೂಢಿಯೊಂದಿದೆ. ದಯವಿಟ್ಟು ಬೇಡ. ನೊರೆಯ ಆಮ್ಲ ಕಲ್ಲಿನ ರಂಧ್ರಗಳಲ್ಲಿ ಉಳಿದುಬಿಡುತ್ತದೆ, ಹಿಟ್ಟಿನಿಂದ ಬೂಸ್ಟು ಬೆಳೆಯುತ್ತದೆ. ಒಂದು ಸಾದಾ ಕನ್ನಡಿ ಸಾಕು. ಬಿಸಿಲನ್ನು ಕಲ್ಲಿನ ಮುಖಕ್ಕೆ ನೇರ ಹಾಯಿಸದೆ ಪಕ್ಕದಿಂದ, ಮುಖಕ್ಕೆ ಉಜ್ಜಿಕೊಂಡು ಹೋಗುವಷ್ಟು ಓರೆಯಾಗಿ ಬೀಳಿಸಿ. ಕೆತ್ತಿದ ಗೆರೆಯಲ್ಲಿ ನೆರಳು ನಿಂತು ಅಕ್ಷರ ಎದ್ದುಬರುತ್ತದೆ. ಎಡದಿಂದೊಂದು, ಬಲದಿಂದೊಂದು, ಮೇಲಿನಿಂದೊಂದು ಚಿತ್ರ ತೆಗೆಯಿರಿ. ಒಂದರಲ್ಲಿ ಅಡಗಿದ ಗೆರೆ ಇನ್ನೊಂದರಲ್ಲಿ ಸಿಗುತ್ತದೆ.

ತೊಳೆಯುವ ಮೊದಲು ಬೆರಳಗಂಟಿನಿಂದ ಮೆಲ್ಲಗೆ ತಟ್ಟಿ ನೋಡಿ. ಟೊಳ್ಳು ಸದ್ದು ಬಂದರೆ ಪದರ ಬಿಟ್ಟಿದೆ ಎಂದರ್ಥ. ಅಂಥ ಕಲ್ಲನ್ನು ಮುಟ್ಟದೆ ಸಂರಕ್ಷಣಾ ತಜ್ಞರಿಗೆ ಬಿಡಬೇಕು. ಗಟ್ಟಿಯಿದ್ದರೆ ಬರಿಯ ನೀರು, ಮೆತ್ತನೆಯ ಬ್ರಷ್ ಸಾಕು. ಕೆಳಗಿನಿಂದ ಮೇಲಕ್ಕೆ ತೊಳೆಯಿರಿ, ಇಲ್ಲದಿದ್ದರೆ ಕೊಳೆನೀರು ಒಣಕಲ್ಲಿನ ಮೇಲೆ ಇಳಿದು ಗೆರೆ ಬೀಳುತ್ತದೆ. ತಂತಿ ಬ್ರಷ್, ಬ್ಲೀಚಿಂಗ್, ಒತ್ತಡದ ನೀರು ಇವು ಯಾವುವೂ ಬೇಡ. ರಾತ್ರಿ ಹಿಮ ಬೀಳುವ ಕಾಲದಲ್ಲಿ ತೊಳೆಯುವುದೇ ಬೇಡ. ಒಳಹೊಕ್ಕ ನೀರು ಹೆಪ್ಪುಗಟ್ಟಿ ಕಲ್ಲನ್ನು ಸೀಳುತ್ತದೆ.

ಬಿದ್ದ ಕಲ್ಲನ್ನು ಎತ್ತುವುದಕ್ಕೆ ಸ್ವಯಂಸೇವಕರು ಎಲ್ಲಕ್ಕಿಂತ ಮೊದಲು ಮುಂದಾಗುತ್ತಾರೆ, ಅಪಾಯವೂ ಅಲ್ಲೇ ಹೆಚ್ಚು. 120 ಸೆಂ.ಮೀ. ಎತ್ತರ, 70 ಅಗಲ, 15 ದಪ್ಪದ ಮರಳುಗಲ್ಲು ಸುಮಾರು 290 ಕಿಲೋ ತೂಗುತ್ತದೆ. ಮುಕ್ಕಾಲಿ, ಚೈನ್ ಬ್ಲಾಕ್, ಅಗಲ ಪಟ್ಟಿ ಇಲ್ಲದೆ ಕೈಹಾಕಬಾರದು. ಮುರಿದದ್ದನ್ನು ಸಿಮೆಂಟಿನಿಂದ ಕೂಡಿಸಬೇಡಿ. ಸಿಮೆಂಟು ಮರಳುಗಲ್ಲಿಗಿಂತ ಗಟ್ಟಿ, ತೇವವನ್ನು ಹೊರಬಿಡುವುದಿಲ್ಲ. ತೇವವೆಲ್ಲ ಕಲ್ಲಿನ ಮೂಲಕವೇ ಹೊರಬರುತ್ತದೆ, ಉಪ್ಪು ಅಲ್ಲೇ ಹರಳುಗಟ್ಟುತ್ತದೆ, ಕೆಲವೇ ವರ್ಷಗಳಲ್ಲಿ ಬರಹದ ಮುಖ ಉದುರುತ್ತದೆ. ಸುಣ್ಣದ ಗಾರೆಯೇ ಸರಿ. ಮೂಲ ಜಾಗ ಗೊತ್ತಿಲ್ಲದ ತುಂಡುಗಳನ್ನು ಅಂದಾಜಿನಲ್ಲಿ ಯಾವುದೋ ಸಮಾಧಿಯ ತಲೆಗೆ ನಿಲ್ಲಿಸುವುದು ಹುಸಿದಾಖಲೆ ಹುಟ್ಟಿಸಿದಂತೆ. ಪೋಲೆಂಡಿನ ಕ್ರಾಕೌ ನಗರದ ರೆಮು ಸ್ಮಶಾನದಲ್ಲಿ ಅಂಥ ತುಂಡುಗಳನ್ನೆಲ್ಲ ಸೇರಿಸಿ ಗೋಡೆ ಕಟ್ಟಿದ್ದಾರೆ. ಅದು ಪ್ರಾಮಾಣಿಕ ದಾರಿ.

ಇದಕ್ಕೆಲ್ಲ ಮೊದಲು ಸ್ಥಳೀಯ ಯಹೂದಿ ಸಮುದಾಯ ಮತ್ತು ಪರಂಪರೆ ಇಲಾಖೆಯ ಒಪ್ಪಿಗೆ ಬೇಕು. ಶನಿವಾರ ಮತ್ತು ಹಬ್ಬದ ದಿನ ಕೆಲಸವಿಲ್ಲ. ಗಂಡಸರು ತಲೆ ಮುಚ್ಚಿಕೊಂಡಿರಬೇಕು. ಪ್ರತಿ ಕಲ್ಲಿಗೂ ನಕ್ಷೆಯಲ್ಲಿ ಒಂದು ಸಂಖ್ಯೆ ಕೊಟ್ಟು, ಚಿತ್ರದ ಕಡತಕ್ಕೂ ಅದೇ ಸಂಖ್ಯೆಯನ್ನು ಇಡಿ. ಕಡತಕ್ಕೆ ಸತ್ತವರ ಹೆಸರು ಇಟ್ಟರೆ, ಮುಂದೆ ಇನ್ನೊಬ್ಬರು ದಾಲೆತ್ ಅನ್ನು ರೇಶ್ ಎಂದು ತಿದ್ದಿದಾಗ ಹಳೆಯ ಚಿತ್ರ ಯಾವ ಕಲ್ಲಿನದು ಎಂಬುದೇ ತಪ್ಪಿಹೋಗುತ್ತದೆ.